ಬಾಗಿಲು ಹಾಕಿದ ಓಣಿ

ಕಾಗದ ಹಿಡಿದುಕೊಂಡು ಬರುವವರನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕಥೆಯನ್ನು ಕರಪತ್ರದಲ್ಲಿ ಅಚ್ಚು ಹಾಕಿಸುತ್ತೇವೆ, ನೀನೇ ಹೇಳು ಎಂದು ನಮ್ಮ ಸಂಘದವರು ಬಂದಾಗಲೂ ನಾನು ಕೇಳಿದ್ದು ಒಂದೇ ಮಾತು: "ಇದರಿಂದ ನಿಮಗೇನು ಲಾಭ?" ಅವರು ನಕ್ಕರು. ನಾನು ನಗಲಿಲ್ಲ. ಅಚ್ಚಾಗುವ ಮೊದಲು ನನ್ನ ಮುಂದೆ ಎರಡು ಸಲ ಓದಬೇಕು ಎಂದು ಒಪ್ಪಿಸಿಕೊಂಡ ಮೇಲೆಯೇ ಬಾಯಿ ಬಿಟ್ಟೆ.

ನಮ್ಮದು ತಗಡಿನ ಓಣಿ. ಮೂವತ್ತೆಂಟು ಮನೆ. ಎಣ್ಣೆಯೋ ಬಣ್ಣವೋ ತುಂಬಿ ಬಂದು ಖಾಲಿಯಾದ ಹಳೆಯ ಡಬ್ಬಗಳನ್ನು ಕತ್ತರಿಸಿ, ಬಡಿದು, ಬೆಸೆದು, ಬಕೆಟ್ಟು, ಆಲಿಕೆ, ಬ್ರೆಡ್ಡು ಬೇಯಿಸುವ ತಟ್ಟೆ ಮಾಡುತ್ತೇವೆ. ನನ್ನ ಗಂಡ ಕತ್ತರಿಸುತ್ತಾರೆ, ನಾನು ಬೆಸುಗೆ ಹಾಕುತ್ತೇನೆ. ಮುಂದಿನ ಕೋಣೆ ಕೆಲಸಕ್ಕೆ, ಹಿಂದಿನ ಕೋಣೆ ಊಟಕ್ಕೆ, ನಿದ್ದೆಗೆ. ನಾವು ಮನೆಯೊಳಗೆ ಆಡುವ ಮಾತು ಬೇರೆ. ಯಾವುದೋ ತಲೆಮಾರಿನಲ್ಲಿ ಎಲ್ಲಿಂದಲೋ ಬಂದವರಂತೆ. ನನ್ನ ಅತ್ತೆ ಹುಟ್ಟಿದ್ದು, ಮದುವೆಯಾಗಿದ್ದು, ಹಲ್ಲು ಉದುರಿದ್ದು ಎಲ್ಲ ಇದೇ ಓಣಿಯಲ್ಲಿ. ಆದರೂ ಪಕ್ಕದ ಬೀದಿಯವರು ಅವರನ್ನು ಇವತ್ತಿಗೂ ಕೇಳುತ್ತಾರೆ, "ನಿಮ್ಮದು ಯಾವೂರಮ್ಮ?"

ನಮ್ಮ ಓಣಿಗೆ ಒಂದು ಪದ್ಧತಿಯಿದೆ. ದಿನವಿಡೀ ಸುತ್ತಿಗೆಯ ಸದ್ದು ಇದ್ದೇ ಇರುತ್ತದೆ, ಅದಕ್ಕೆ ಯಾರೂ ಕಿವಿಗೊಡುವುದಿಲ್ಲ. ಆದರೆ ಓಣಿಯ ಬಾಯಲ್ಲಿ ಕಾಗದ ಹಿಡಿದ ಹೊರಗಿನವರು ಕಾಣಿಸಿಕೊಂಡರೆ, ಮೊದಲ ಮನೆಯವರು ಖಾಲಿ ಡಬ್ಬದ ತಳಕ್ಕೆ ಮೂರು ಏಟು ಹಾಕುತ್ತಾರೆ. ಡಣ್, ಡಣ್, ಡಣ್. ಅಷ್ಟೇ. ಎಲ್ಲ ಸುತ್ತಿಗೆಗಳೂ ಒಟ್ಟಿಗೆ ನಿಲ್ಲುತ್ತವೆ, ಬಾಗಿಲುಗಳು ಮುಚ್ಚಿಕೊಳ್ಳುತ್ತವೆ, ಒಳಗಿನಿಂದ ಚಿಲಕ ಬೀಳುತ್ತದೆ. ಮೊದಲ ಮನೆ ನಮ್ಮದು. ಆ ಮೂರು ಏಟು ಹಾಕುವವರು ನನ್ನ ಅತ್ತೆ. ಮೊಣಕಾಲು ಕೆಟ್ಟಿದೆ, ಕಣ್ಣು ಮಾತ್ರ ಹದ್ದಿನ ಕಣ್ಣು.

ಇದು ಸುಮ್ಮನೆ ಹುಟ್ಟಿದ ಪದ್ಧತಿಯಲ್ಲ. ಏಳು ವರ್ಷದ ಹಿಂದೆ ಒಬ್ಬ ಮನುಷ್ಯ ಕಾಗದದ ಕಟ್ಟು ಹಿಡಿದು ಬಂದಿದ್ದ. ನಿಮಗೆ ಚರಂಡಿ ಮಾಡಿಸಿಕೊಡುತ್ತೇವೆ, ಹೆಬ್ಬೆಟ್ಟು ಒತ್ತಿ ಎಂದ. ಅತ್ತೆ ಒತ್ತಿದರು. ಓಣಿಯ ಹಿಂಭಾಗದಲ್ಲಿದ್ದ ತಮ್ಮನನ್ನೂ ಅವರ ನೆರೆಯವರನ್ನೂ ಕರೆದು ಒತ್ತಿಸಿದರು. ತಿಂಗಳು ತುಂಬುವುದರೊಳಗೆ ಹಿಂದಿನ ಆರು ಮನೆಗಳು ನೆಲಸಮವಾದವು. "ಓಣಿ ಹಿಂದಿನ ಜಾಗ ಬಿಡ್ತೀವಿ ಅಂತ ನೀವೇ ಬರೆದುಕೊಟ್ಟಿದ್ದೀರಲ್ಲ" ಎಂದರು ಕೆಡವಲು ಬಂದವರು. ಆ ಆರರಲ್ಲಿ ಒಂದು ಅತ್ತೆಯ ತಮ್ಮನ ಮನೆ. ಅವರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋದವರು ಎಲ್ಲಿದ್ದಾರೋ ಇವತ್ತಿಗೂ ಗೊತ್ತಿಲ್ಲ. ಚರಂಡಿಯೂ ಬರಲಿಲ್ಲ.

ಈಗ ಹೇಳಿ, ಕಾಗದ ಕಂಡರೆ ಬಾಗಿಲು ಹಾಕುವುದು ತಪ್ಪೇ? ನಾನೂ ತಪ್ಪಲ್ಲ ಎಂದೇ ತಿಳಿದಿದ್ದೆ.

ಹೋದ ವರ್ಷ ಓಣಿಯ ಬಾಯಲ್ಲಿರುವ ವಿದ್ಯುತ್ ಕಂಬಕ್ಕೆ ಯಾರೋ ಒಂದು ನೋಟೀಸು ಅಂಟಿಸಿ ಹೋಗಿದ್ದರು. ಬೆಳಗಿನ ಜಾವ ಅಂಟಿಸಿದ್ದರಿಂದ ಅತ್ತೆಯ ಕಣ್ಣಿಗೂ ಬಿದ್ದಿರಲಿಲ್ಲ. ಸದ್ದು ಮಾಡುವ ಕಸುಬುಗಳನ್ನು ವಾರ್ಡಿನಿಂದ ಎತ್ತಿ ಇಟ್ಟಿಗೆ ಗೂಡುಗಳ ಆಚೆ ಸಾಗಿಸಬೇಕು, ಒಂಬೈನೂರು ನಿವಾಸಿಗಳು ಸಹಿ ಹಾಕಿ ಕೇಳಿದ್ದಾರೆ, ಬರುವ ತಿಂಗಳ ನಗರಸಭೆಯಲ್ಲಿ ಠರಾವು ಬರುತ್ತದೆ ಎಂದು ಅದರಲ್ಲಿತ್ತು. ಇಡೀ ವಾರ್ಡಿನಲ್ಲಿ ಸದ್ದು ಮಾಡುವ ಕಸುಬು ಎಂದರೆ ನಮ್ಮದೊಂದೇ.

"ಇಟ್ಟಿಗೆ ಗೂಡಿನ ಆಚೆ ಏನಿದೆ ಅಂತ? ನೀರಿಲ್ಲ, ರಸ್ತೆ ಇಲ್ಲ. ನಾಯಿ ಕೂಡ ಹೋಗಲ್ಲ ಅಲ್ಲಿಗೆ" ಎಂದರು ನನ್ನ ಗಂಡ. "ಒಂದು ಬಕೆಟ್ಟು ಕೊಳ್ಳೋಕೆ ಅಲ್ಲಿತನಕ ಬರೋನು ಯಾರು?"

ಕೆಲಸದ ಕೋಣೆ ಹೋದರೆ ಮನೆ ಹೋದಂತೆಯೇ. ಎರಡಕ್ಕೂ ನಡುವೆ ಇರುವುದು ಒಂದು ಪರದೆ.

ನಾವಿಬ್ಬರೂ ವಾರ್ಡಿನ ಮೆಂಬರ ಬಳಿ ಓಡಿದೆವು. ಚುನಾವಣೆ ಬಂದಾಗ ಇದೇ ಮೆಂಬರು ನಮ್ಮ ಓಣಿಗೆ ಬಂದು, ಸುತ್ತಿಗೆ ಕೈಗೆ ತಗೊಂಡು, ಒಂದೆರಡು ಏಟು ಬಡಿದು ಫೋಟೋ ತೆಗೆಸಿಕೊಂಡು ಹೋಗಿದ್ದರು. ಈಗ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತಿದ್ದರು.

"ನಾವು ನಿಮ್ಮನ್ನೇ ನಂಬ್ಕೊಂಡಿರೋ ಜನ ಸ್ವಾಮಿ" ಎಂದರು ನನ್ನ ಗಂಡ.

"ಎಷ್ಟು ಜನ?"

"ಓಣೀಲಿ ಮತ ಹಾಕೋ ವಯಸ್ಸಿನೋರು ನೂರಾ ಹನ್ನೆರಡು."

ಮೆಂಬರು ಮೇಜಿನ ಖಾನೆಯಿಂದ ಮತದಾರರ ಪಟ್ಟಿ ತೆಗೆದರು. ಬೆರಳಿಗೆ ಎಂಜಲು ಹಚ್ಚಿಕೊಂಡು ಹಾಳೆ ತಿರುವಿದರು. "ಪಟ್ಟೀಲಿ ಒಂಬತ್ತು ಹೆಸರಿದೆ. ಆ ಕಡೆ ಒಂಬೈನೂರು ಸಹಿ, ಈ ಕಡೆ ಒಂಬತ್ತು ಹೆಸರು. ಇದು ಪ್ರಜಾಪ್ರಭುತ್ವ ಕಣಮ್ಮ. ಹೆಚ್ಚು ಜನ ಹೇಳಿದ್ದು ನಡೀಬೇಕು. ನಾನೇನು ಮಾಡೋಕಾಗುತ್ತೆ?"

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು! ನನಗೆ ಮೈಯೆಲ್ಲ ಉರಿಯಿತು. ಕಳೆದ ಚುನಾವಣೆಯಲ್ಲಿ ನಮ್ಮವರು ಹತ್ತು ಜನ ಮತಗಟ್ಟೆಗೆ ಹೋಗಿದ್ದರು. ಪಟ್ಟಿಯಲ್ಲಿ ಹೆಸರಿಲ್ಲ ಎಂದು ವಾಪಸು ಕಳಿಸಿದ್ದರು. ಬೇಕಂತಲೇ ತೆಗೆದಿದ್ದಾರೆ ಎಂದು ಬೈದುಕೊಂಡು ಉಳಿದವರು ಮನೆಯಿಂದ ಕದಲಿರಲಿಲ್ಲ. ಈಗ ಆ ಪಟ್ಟಿಯನ್ನೇ ನಮ್ಮ ಮುಖಕ್ಕೆ ಹಿಡಿಯುತ್ತಿದ್ದಾರೆ.

ನನ್ನ ಗಂಡ ತಟ್ಟೆ ಕೊಡಲು ಬೇಕರಿಗೆ ಹೋದರು, ನಾನು ಒಬ್ಬಳೇ ಮನೆ ಕಡೆ ನಡೆದೆ. ಇನ್ನೇನು ಓಣಿಗೆ ತಿರುಗಬೇಕು, ಡಣ್, ಡಣ್, ಡಣ್. ನಾನು ಓಡಿ ಬಾಗಿಲಿಗೆ ಬರುವಷ್ಟರಲ್ಲಿ ಒಳಗಿನಿಂದ ಚಿಲಕ ಬಿತ್ತು.

"ಅತ್ತೆ, ನಾನು! ತೆಗೀರಿ!"

"ಅವಳು ಹೋಗಲಿ, ಆಮೇಲೆ" ಎಂದಿತು ಬಾಗಿಲ ಸಂದಿಯಿಂದ ದನಿ.

ಈ ಪದ್ಧತಿ ಬಂದಾಗಿನಿಂದ ಆ ಸದ್ದಿಗೆ ನಾನು ಯಾವಾಗಲೂ ಒಳಗಿರುತ್ತಿದ್ದೆ. ಅವತ್ತೇ ಮೊದಲ ಸಲ ಹೊರಗೆ ನಿಂತು ನಮ್ಮ ಓಣಿಯನ್ನು ನೋಡಿದೆ. ಎರಡೂ ಕಡೆ ಮುಚ್ಚಿದ ಬಾಗಿಲುಗಳು. ಒಂದು ಸೊಲ್ಲಿಲ್ಲ. ತಗಡು ಬಡಿಯುವ ಅಡಿಗಲ್ಲಿನ ಮೇಲೆ ಅರ್ಧ ಬಡಿದ ಬಕೆಟ್ಟು ಹಾಗೇ ಬಿದ್ದಿತ್ತು. ಓಣಿಯಲ್ಲಿ ಜನ ವಾಸವಿದ್ದಾರೆ ಎಂದು ಯಾರಾದರೂ ಆಣೆ ಮಾಡಿ ಹೇಳಿದರೂ ನಂಬುವಂತಿರಲಿಲ್ಲ.

ಓಣಿಯ ನಡುವೆ ಒಬ್ಬ ಹೆಂಗಸು ಫೈಲು ಎದೆಗವಚಿಕೊಂಡು ನಿಂತಿದ್ದಳು. ಪಕ್ಕದ ಬೀದಿಯ ಚಿಕ್ಕ ಮಕ್ಕಳ ಶಾಲೆಯ ಟೀಚರು. ಚುನಾವಣೆಗೆ ಮುಂಚೆ ಮನೆ ಮನೆಗೆ ಹೋಗಿ ಮತದಾರರ ಪಟ್ಟಿ ಸರಿಮಾಡುವ ಕೆಲಸವನ್ನು ಸರ್ಕಾರ ಅವಳ ತಲೆಗೆ ಕಟ್ಟಿತ್ತು. ನಮ್ಮಲ್ಲಿ ಅವಳಿಗೆ ಪಟ್ಟಿಯಕ್ಕ ಎಂದೇ ಹೆಸರು. ಹೆಸರಿಟ್ಟಿದ್ದೆವು, ಬಾಗಿಲು ಮಾತ್ರ ತೆಗೆದಿರಲಿಲ್ಲ.

"ಎಲ್ಲರೂ ಒಳಗಿದ್ದಾರೆ ಅಂತ ಗೊತ್ತಮ್ಮ" ಎಂದಳು ನನ್ನನ್ನು ನೋಡಿ. "ಬೆಸುಗೆ ಒಲೆ ಹೊಗೆ ಬರ್ತಿದೆ."

"ನಮ್ಮ ಹೆಸರು ತೆಗೆದೋಳು ನೀನೇ ತಾನೇ?" ನಾನು ಬಹುವಚನ ಗಿಹುವಚನ ಎಲ್ಲ ಬಿಟ್ಟಿದ್ದೆ. "ನೂರಾ ಮೂರು ಹೆಸರು ತೆಗೆದು ಹಾಕೋಕೆ ಎಷ್ಟು ಕೊಟ್ಟರು ನಿನಗೆ?"

ಅವಳು ಸಿಟ್ಟಾಗಲಿಲ್ಲ. ಅಡಿಗಲ್ಲಿನ ಪಕ್ಕ ಕೂತು ಫೈಲು ಬಿಚ್ಚಿದಳು. ನನಗೆ ಓದಲು ಬರುತ್ತದೆ. ಒಂದು ಹಾಳೆ ಪೂರ್ತಿ ನಮ್ಮ ಓಣಿಯ ಮನೆ ನಂಬರುಗಳು. ಒಂದೊಂದರ ಮುಂದೆಯೂ ಅದೇ ಎರಡು ಪದ. ಬಾಗಿಲು ಹಾಕಿದೆ. ಬಾಗಿಲು ಹಾಕಿದೆ. ಬಾಗಿಲು ಹಾಕಿದೆ. ಮೂರು ಬೇರೆ ಬೇರೆ ತಾರೀಕು, ಐದು ವರ್ಷದ ಹಿಂದಿನದು.

"ಮೂರು ಸಲ ಬಂದೆ. ಮೂರು ಸಲಾನೂ ಹೀಗೇ. ಫಾರಮ್ಮಲ್ಲಿ ಇರೋದು ಎರಡೇ ಕಾಲಂ. ಒಂದು 'ಇದ್ದಾರೆ', ಇನ್ನೊಂದು 'ಇಲ್ಲ'. ಒಳಗಿದ್ದೂ ಬಾಗಿಲು ತೆಗೀದೇ ಇರೋರಿಗೆ ಕಾಲಂ ಇಲ್ಲ."

"ಮತ್ತೆ ಆ ಒಂಬತ್ತು?"

"ರಸ್ತೆ ಕಡೆಗೆ ಬಾಗಿಲಿರೋ ಎರಡು ಮನೆ. ಅವರು ತೆಗೆದರು."

ಆ ಎರಡು ಮನೆ ದೊಡ್ಡ ರಸ್ತೆಯ ಕಡೆಗಿವೆ. ಲಾರಿಗಳ ಗದ್ದಲದಲ್ಲಿ ಅವರಿಗೆ ಅತ್ತೆಯ ಡಬ್ಬದ ಸದ್ದು ಕೇಳಿಸುವುದೇ ಇಲ್ಲ. ಸದ್ದು ಕೇಳಿಸಿದವರೆಲ್ಲ ಪಟ್ಟಿಯಿಂದ ಹೋಗಿದ್ದೆವು. ನಮ್ಮ ಕಾಲಿನ ಮೇಲೆ ನಾವೇ ಕಲ್ಲು ಎತ್ತಿಹಾಕಿಕೊಂಡಿದ್ದೆವು.

ಪಟ್ಟಿಯಕ್ಕ ಫೈಲು ಮುಚ್ಚಿದಳು. ಆಮೇಲೆ ತಲೆ ತಗ್ಗಿಸಿ ಒಂದು ಮಾತು ಹೇಳಿದಳು. "ಆದ್ರೆ ತಪ್ಪು ನಿಮ್ಮದೊಂದೇ ಅಲ್ಲ. ಬೇರೆ ಬೀದೀಲಿ ಬಾಗಿಲು ಹಾಕಿದ್ರೆ ನಾನು ಪಕ್ಕದ ಮನೇಲಿ ವಿಚಾರಿಸ್ತಿದ್ದೆ, ಅಂಗಡೀಲಿ ಕೇಳ್ತಿದ್ದೆ. ನಿಮ್ಮ ಓಣಿಗೆ ಅಷ್ಟು ಮಾಡಲಿಲ್ಲ. ಇವರು ಇವತ್ತು ಇರ್ತಾರೆ ನಾಳೆ ಹೋಗ್ತಾರೆ ಅಂದ್ಕೊಂಡೆ. ಬರೆದು ಕೈ ತೊಳ್ಕೊಂಡೆ. ತಪ್ಪಾಯ್ತು."

ಕಾಗದ ಹಿಡಿದು ಬಂದವರ ಬಾಯಲ್ಲಿ ತಪ್ಪಾಯ್ತು ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ನಂಬಿಕೆ ಬಂತು ಎಂದು ಹೇಳುವುದಿಲ್ಲ. ಕೂತು ಮಾತಾಡೋಣ ಎನ್ನಿಸಿತು, ಅಷ್ಟೇ.

"ಆಯ್ತಕ್ಕ. ನೂರಾ ಹನ್ನೆರಡು ಹೆಸರೂ ಬಂತು ಅಂತಿಟ್ಕೊಳ್ಳಿ" ಎಂದೆ. "ವಾರ್ಡಲ್ಲಿ ನಾಲ್ಕು ಸಾವಿರ ಮತ. ನಾಲ್ಕು ಸಾವಿರ ಜನ ಕೈ ಎತ್ತಿ ಇವರನ್ನ ಓಡಿಸಿ ಅಂದ್ರೆ ಓಡಿಸ್ಬೇಕು ತಾನೇ? ತಲೆ ಎಣಿಸೋ ಆಟದಲ್ಲಿ ಕಡಿಮೆ ತಲೆ ಇರೋರು ಯಾವಾಗ ಗೆಲ್ತಾರೆ? ಮತ ಹಾಕಿ ಮತ ಹಾಕಿ ಅಂತ ನಮ್ಮ ಮೂಗಿಗೆ ತುಪ್ಪ ಹಚ್ಚಬೇಡಿ."

"ಮತ ಒಂದರಿಂದಲೇ ಗೆಲ್ಲಲ್ಲ" ಎಂದಳು ಪಟ್ಟಿಯಕ್ಕ. "ಸುಳ್ಳು ಯಾಕೆ ಹೇಳಲಿ? ಆದ್ರೆ ಒಂದು ಮಾತು ಕೇಳಿ. ಬೀದಿದೀಪ ಎಲ್ಲಿ ಹಾಕಬೇಕು, ಪಾರ್ಕಿಗೆ ಬೇಲಿ ಬೇಕೋ ಬೇಡವೋ, ಇದನ್ನೆಲ್ಲ ಹೆಚ್ಚು ಜನ ಹೇಳಿದ ಹಾಗೆ ತೀರ್ಮಾನ ಮಾಡಬಹುದು. ಇವರಾಡೋ ಭಾಷೆ ಬೇರೆ, ಇವರಿಗೆ ದುಡಿಯೋ ಹಕ್ಕಿಲ್ಲ, ಇರೋ ಹಕ್ಕಿಲ್ಲ ಅಂತ ನಾಲ್ಕು ಸಾವಿರ ಅಲ್ಲ, ನಾಲ್ಕು ಕೋಟಿ ಜನ ಕೈ ಎತ್ತಿದ್ರೂ ನಡೆಯಲ್ಲ. ಸಂವಿಧಾನ ಬರೆದೋರು ಅಲ್ಲೊಂದು ಗೆರೆ ಎಳೆದಿದ್ದಾರೆ. ಮೆಂಬರು ಅದನ್ನ ನಿಮಗೆ ಹೇಳಲಿಲ್ಲ."

"ಗೆರೆ ಪುಸ್ತಕದಲ್ಲಿದೆ. ಬುಲ್ಡೋಜರ್ ಓಣೀಲಿ ಬರುತ್ತೆ. ಆರು ಮನೆ ಕೆಡವಿದಾಗ ಎಲ್ಲಿತ್ತು ಆ ಗೆರೆ?"

ಅವಳು ನನ್ನನ್ನೇ ಕೇಳಿದಳು, "ಆಗ ಯಾರಾದ್ರೂ ತಕರಾರು ಬರೆದುಕೊಟ್ರಾ? ಕೋರ್ಟಿಗೆ ಹೋದ್ರಾ?"

"ಬಾಗಿಲು ಹಾಕ್ಕೊಂಡು ಅತ್ತೆವು."

"ಗೆರೆ ತಾನಾಗೇ ಎದ್ದು ಬಂದು ಅಡ್ಡ ನಿಲ್ಲಲ್ಲಮ್ಮ. ಯಾರಾದ್ರೂ ಅದನ್ನ ತೋರಿಸ್ಬೇಕು. ಇನ್ನೊಂದು ವಿಷಯ. ಈ ಮೆಂಬರು ಹೋದ ಸಲ ಎಷ್ಟು ಮತದಿಂದ ಗೆದ್ದಿದ್ದು ಗೊತ್ತಾ? ಅರವತ್ನಾಲ್ಕು."

ಅಷ್ಟರಲ್ಲಿ ನನ್ನ ಗಂಡ ಬೇಕರಿಯಿಂದ ವಾಪಸು ಬಂದಿದ್ದರು. ಮುಚ್ಚಿದ ಬಾಗಿಲಿನ ಮುಂದೆ ಹೆಂಡತಿ ಕೂತಿರುವುದನ್ನು ನೋಡಿ, "ಏನೇ, ಅಮ್ಮ ಕೊನೆಗೂ ನಿನ್ನ ಹೊರಗೆ ಹಾಕಿದ್ರಾ?" ಎಂದು ಹಲ್ಲು ಕಿರಿದರು. ಅರವತ್ನಾಲ್ಕು ಎಂದು ಕೇಳಿದ್ದೇ ನಗು ನಿಂತಿತು. ಕತ್ತರಿ ಹಿಡಿಯುವವರಿಗೆ ಅಳತೆ ಬೇಗ ಗೊತ್ತಾಗುತ್ತದೆ.

"ನಮ್ಮ ಓಣಿ ಯಾರನ್ನೂ ಗೆಲ್ಲಿಸಲ್ಲ" ಎಂದರು ನಿಧಾನವಾಗಿ, "ಆದ್ರೆ ಸೋಲಿಸುತ್ತೆ."

ಪಟ್ಟಿಯಕ್ಕ ಫಾರಂಗಳ ಕಟ್ಟು ಕೊಟ್ಟಳು. ನಾನು ಸುಮ್ಮನೆ ತೆಗೆದುಕೊಳ್ಳಲಿಲ್ಲ. ಒಂದು ಬಕೆಟ್ಟು ಬೆಸೆದ ಮೇಲೆ ನಾವು ಅದಕ್ಕೆ ನೀರು ತುಂಬಿಸಿ, ಸೋರುವುದಿಲ್ಲ ಎಂದು ನೋಡಿದ ಮೇಲೆಯೇ ಗಿರಾಕಿಯ ಕೈಗೆ ಕೊಡುವುದು. ಕಾಗದಕ್ಕೂ ಹಾಗೇ ಮಾಡಿದೆ. ಪ್ರತಿ ಮನೆಯಲ್ಲೂ ಕೂತು ಫಾರಂನ ಒಂದೊಂದು ಸಾಲನ್ನೂ ನಮ್ಮ ಮಾತಿನಲ್ಲಿ ಬಿಡಿಸಿ ಹೇಳಿದೆ. ಖಾಲಿ ಜಾಗವಿದ್ದ ಕಡೆಯೆಲ್ಲ ಗೀಟು ಎಳೆಸಿದೆ, ಆಮೇಲೆ ಯಾರೂ ಏನೂ ಸೇರಿಸಬಾರದು ನೋಡಿ. ಫಾರಂ ಕೊಟ್ಟದ್ದಕ್ಕೆ ರಸೀದಿ ಇಸಕೊಳ್ಳದೆ ಒಂದೂ ಕೊಡಲಿಲ್ಲ. ಪಟ್ಟಿಯಕ್ಕನಿಗೆ ರಸೀದಿ ಬರೆದು ಬರೆದು ಕೈ ನೋವು ಬಂತು. ಬರಲಿ ಬಿಡಿ.

ನೂರಾ ಎರಡು ಫಾರಂ ಹೋದವು. ಒಂದು ಉಳಿಯಿತು. ನನ್ನ ಅತ್ತೆಯದು.

"ಹೆಬ್ಬೆಟ್ಟು ಒತ್ತಿಯೇ ನನ್ನ ತಮ್ಮನ್ನ ಕಳ್ಕೊಂಡೆ" ಎಂದರು. "ನೀವು ಬೇಕಾದ್ರೆ ಕುಣೀರಿ. ಈ ಬೆರಳು ಮಾತ್ರ ಇನ್ನು ಯಾವ ಕಾಗದಕ್ಕೂ ತಾಗಲ್ಲ." ನಾನು ಒತ್ತಾಯ ಮಾಡಲಿಲ್ಲ. ಆ ಹೆಬ್ಬೆಟ್ಟನ್ನು ಅವರು ಏಳು ವರ್ಷದಿಂದ ಬೈಯುತ್ತಲೇ ಇದ್ದಾರೆ, ನಾನು ಕೇಳಿದ್ದೇನೆ.

ಅದೇ ವಾರ ಪಟ್ಟಿಯಕ್ಕ ನನ್ನನ್ನು ಉಚಿತ ಕಾನೂನು ನೆರವಿನ ಕಚೇರಿಗೆ ಕರೆದುಕೊಂಡು ಹೋದಳು. ಅಲ್ಲಿ ಒಬ್ಬ ವಕೀಲಮ್ಮ ಇದ್ದರು. ನೋಟೀಸನ್ನು ಓದಿ, "ನಿಮ್ಮ ಮಾತು ಕೇಳದೆ ನಿಮ್ಮನ್ನ ಎಬ್ಬಿಸೋಕೆ ಬರಲ್ಲ" ಎಂದು ತಕರಾರು ಅರ್ಜಿ ಬರೆದರು. ನಗರಸಭೆಗೆ ಕೊಟ್ಟು ಮೊಹರು ಒತ್ತಿಸಿಕೊಂಡೆವು. ಬೆಳಿಗ್ಗೆ ಎಂಟರ ಮೊದಲು, ಸಂಜೆ ಆರರ ಮೇಲೆ ಸುತ್ತಿಗೆ ಮುಟ್ಟುವುದಿಲ್ಲ ಎಂದೂ ಅದರಲ್ಲಿ ಬರೆದಿದ್ದೆವು. ಪಕ್ಕದ ಬೀದಿಯಲ್ಲಿ ಮಲಗುವ ಕೂಸುಗಳಿವೆ, ಅವರ ಸಂಕಟವೂ ಸುಳ್ಳಲ್ಲ.

ಸಭೆಯ ದಿನ ನಾವು ಅರವತ್ತು ಜನ ಹೋಗಿ ಹಿಂದಿನ ಬೆಂಚುಗಳಲ್ಲಿ ಕೂತೆವು. ಒಂಬೈನೂರು ಸಹಿಯ ಕಟ್ಟನ್ನು ಮೆಂಬರು ಮೇಜಿನ ಮೇಲೆ ಇಟ್ಟರು. ಆಗ ಬೇಕರಿಯವರು ಎದ್ದು ನಿಂತರು. ನಮ್ಮ ತಟ್ಟೆಯಲ್ಲಿ ಬ್ರೆಡ್ಡು ಬೇಯಿಸುವವರು, ನಮ್ಮವರಲ್ಲ, ಆ ಒಂಬೈನೂರರ ಕಡೆಯವರು.

"ಅದರಲ್ಲಿ ನನ್ನ ಸಹೀನೂ ಇದೆ" ಎಂದರು. "ನನ್ನ ಹತ್ರ ಬಂದೋನು ಬೀದಿದೀಪಕ್ಕೆ ಅರ್ಜಿ ಅಂದ. ನಾನು ಓದಲಿಲ್ಲ, ಹಾಕಿಕೊಟ್ಟೆ. ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದನಂತೆ, ಆ ಜಾತಿ ನಂದು. ನನ್ನ ಸಹಿ ವಾಪಸು ಕೊಡಿ."

ಹಿಂದಿನಿಂದ ಇನ್ನೊಬ್ಬರು ಎದ್ದರು. ಅವರಿಗೂ ಬೀದಿದೀಪವಂತೆ. ಮತ್ತೊಬ್ಬರಿಗೆ ನಲ್ಲಿ ನೀರಂತೆ. ಅವತ್ತು ನನಗೊಂದು ವಿಷಯ ಅರ್ಥವಾಯಿತು. ಹೆಚ್ಚು ಜನ ಹೇಳಿದರು ಎನ್ನುತ್ತಾರಲ್ಲ, ಆ ಹೆಚ್ಚು ಜನರನ್ನೂ ಒಮ್ಮೊಮ್ಮೆ ಯಾರೋ ತಯಾರು ಮಾಡಿರುತ್ತಾರೆ. ನಮ್ಮ ಜಾಗ ಯಾರಿಗೆ ಬೇಕಿತ್ತು ಎಂದು ನನಗೆ ಗುಮಾನಿ ಇದೆ. ಸಾಕ್ಷಿ ಇಲ್ಲ, ಅದಕ್ಕೇ ಇಲ್ಲಿ ಹೇಳುವುದಿಲ್ಲ.

ಕೊನೆಗೆ ನಗರಸಭೆಯ ಮೆಂಬರುಗಳ ಕೈ ಎತ್ತಿಸಿದರು. ನಮ್ಮ ಕಡೆ ನಾಲ್ಕು, ನಮ್ಮ ವಿರುದ್ಧ ಏಳು. ಸೋತೆವು.

ಹೌದು, ಸೋತೆವು. ಕರಪತ್ರದ ಕಥೆಗಳಲ್ಲಿ ಹೀಗಾಗುವುದಿಲ್ಲ, ಗೊತ್ತು. ಸಂಘದವರು ಈ ಭಾಗ ಬೇಡ ಎಂದರು. ಬೇಡವಾದರೆ ಕಥೆಯೇ ಬೇಡ ಎಂದೆ. ಮನೆಗೆ ಬಂದಾಗ ಅತ್ತೆ ಕೇಳಿದರು, "ಏನಾಯ್ತು ನಿಮ್ಮ ಓಟು, ಕಾನೂನು?" ನನಗೆ ಅಳು ಬಂತು. ಬೆಸುಗೆಯ ಹೊಗೆ ಕಣ್ಣಿಗೆ ಹೋಯಿತು ಎಂದೆ. ಒಲೆ ಹಚ್ಚಿಯೇ ಇರಲಿಲ್ಲ, ಅತ್ತೆಗೆ ತಿಳಿಯದೆ ಇರುತ್ತದೆಯೇ?

ಆದರೆ ಮೊಹರು ಬಿದ್ದ ತಕರಾರು ಅರ್ಜಿ ನಮ್ಮ ಕೈಯಲ್ಲಿತ್ತು. ಮರುದಿನವೇ ವಕೀಲಮ್ಮ ಅದನ್ನು ಹಿಡಿದು ಕೋರ್ಟಿಗೆ ಹೋದರು. ಹದಿನಾರು ದಿನ ಕಳೆಯಿತು. ಆ ಹದಿನಾರು ದಿನ ದೊಡ್ಡ ರಸ್ತೆಯಲ್ಲಿ ಲಾರಿ ನಿಂತರೂ ಬುಲ್ಡೋಜರ್ ಬಂತೇನೋ ಎಂದು ಎದೆ ಹಾರುತ್ತಿತ್ತು.

ಹದಿನೇಳನೆಯ ದಿನ ಒಬ್ಬ ಮನುಷ್ಯ ಕಾಗದ ಹಿಡಿದು ಬಂದ. ಡಣ್, ಡಣ್, ಡಣ್. ಓಣಿಯ ಬಾಗಿಲುಗಳೆಲ್ಲ ಮುಚ್ಚಿದವು. ಕೂತಲ್ಲೇ ನನ್ನ ಕೈಯೂ ಚಿಲಕದ ಕಡೆಗೆ ಹೋಯಿತು. ವರ್ಷಗಟ್ಟಲೆಯ ಅಭ್ಯಾಸ, ಅಷ್ಟು ಬೇಗ ಹೋಗುತ್ತದೆಯೇ? ಆದರೂ ಎದ್ದು ಹೊಸ್ತಿಲಲ್ಲಿ ನಿಂತೆ.

"ಒಳಗೆ ಬಾರೇ!" ಅತ್ತೆ ನನ್ನ ಸೆರಗು ಹಿಡಿದು ಎಳೆದರು.

"ಬಿಡಿ ಅತ್ತೆ. ಮೊದಲು ಏನು ಬರೆದಿದೆ ನೋಡೋಣ."

ಅದು ಕೋರ್ಟಿನ ಆಜ್ಞೆ. ಅಲ್ಲಿ ವಾಸವಿರುವವರ ಮಾತು ಕೇಳದೆ, ಅವರು ಬದುಕಲು ಯೋಗ್ಯವಾದ ಬೇರೆ ಜಾಗ ತೋರಿಸದೆ, ಓಣಿಯ ಒಂದು ತಗಡನ್ನೂ ಕದಲಿಸಬಾರದು ಎಂದಿತ್ತು. ಸಭೆ ಕೈ ಎತ್ತಿದ್ದರೂ ಸರಿಯೇ. ನಾನು ಜೋರಾಗಿ ಓದಿದೆ. ಒಂದೊಂದೇ ಬಾಗಿಲು ತೆರೆಯಿತು. ಎರಡನೇ ಸಲ ಓದು ಎಂದರು, ಓದಿದೆ. ಅತ್ತೆ ಆ ಹಾಳೆಯನ್ನು ಕೈಗೆ ತೆಗೆದುಕೊಂಡರು. ಓದು ಬಾರದು, ಸುಮ್ಮನೆ ಸವರಿ ನೋಡಿದರು.

"ಕಾಗದದಿಂದ ಮನೆ ಹೋಗೋದು ನೋಡಿದ್ದೆ" ಎಂದರು. "ಉಳಿಯೋದು ನೋಡಿರಲಿಲ್ಲ." ಆಮೇಲೆ ಧ್ವನಿ ಗಟ್ಟಿ ಮಾಡಿಕೊಂಡು, "ಆ ಫಾರಂ ಎಲ್ಲಿ? ಮೂರು ಸಲ ಓದಿ ಹೇಳು. ನಾನು ಒತ್ತೋದು ಎಡಗೈ ಹೆಬ್ಬೆಟ್ಟು. ಬಲಗೈದು ಒಮ್ಮೆ ಕೆಟ್ಟಿದೆ" ಎಂದರು.

ಬಿಸಿಲು ಬಲಿಯುವ ಹೊತ್ತಿಗೆ ಚುನಾವಣೆ ಬಂತು. ಹೊಸ ಪಟ್ಟಿಯನ್ನು ಪಟ್ಟಿಯಕ್ಕ ಮೊದಲೇ ತಂದು ತೋರಿಸಿದಳು. ನೂರಾ ಹನ್ನೆರಡು ಹೆಸರಿತ್ತು, ನಾನು ಎರಡು ಸಲ ಎಣಿಸಿದೆ. ಮತದಾನದ ಹಿಂದಿನ ರಾತ್ರಿ ಹಣದ ಲಕೋಟೆ ಹಿಡಿದ ಒಬ್ಬ ಓಣಿಯ ಬಾಯಿಗೆ ಬಂದನಂತೆ. ಅತ್ತೆ ಅವನನ್ನು ನೋಡಿ ಡಬ್ಬ ಕೈಗೆತ್ತಿಕೊಂಡರಂತೆ. ಬಡಿಯಲಿಲ್ಲವಂತೆ, ಎಸೆದರಂತೆ.

ಮತದಾನದ ಬೆಳಿಗ್ಗೆ ನಾನು ಇನ್ನೂ ತಲೆ ಬಾಚುತ್ತಿದ್ದೆ. ಡಣ್, ಡಣ್, ಡಣ್! ಇವತ್ತು ಯಾರಪ್ಪ ಬಂದರು ಎಂದು ಹೊರಗೆ ಓಡಿದೆ. ಯಾರೂ ಇರಲಿಲ್ಲ. ಅತ್ತೆ ಒಗೆದ ಸೀರೆ ಉಟ್ಟು, ಒಂದು ಕೈಯಲ್ಲಿ ಗುರುತಿನ ಚೀಟಿ, ಇನ್ನೊಂದರಲ್ಲಿ ಸುತ್ತಿಗೆ ಹಿಡಿದು ಓಣಿಯ ನಡುವೆ ನಿಂತಿದ್ದರು.

"ಹಾಕ್ರೋ ಬಾಗಿಲು!" ಎಂದು ಕೂಗಿದರು. "ಇವತ್ತು ಹೊರಗಿನಿಂದ ಹಾಕಿ!"

ಒಂದೊಂದು ಮನೆಯವರೂ ಹೊರಗೆ ಬಂದು ಚಿಲಕ ಎಳೆದು ಬೀಗ ಜಡಿದರು. ಮೂವತ್ತೆಂಟು ಮನೆ. ಅತ್ತೆಗೆ ನಡೆಯಲು ಆಗದು, ಅವರನ್ನು ಡಬ್ಬ ಸಾಗಿಸುವ ತಳ್ಳುಗಾಡಿಯಲ್ಲಿ ಕೂರಿಸಿ ನನ್ನ ಗಂಡ ತಳ್ಳಿದರು. ದಾರಿಯುದ್ದಕ್ಕೂ, "ಮೆಲ್ಲಗೆ ಕಣೋ, ನಾನೇನು ಹಳೇ ಡಬ್ಬಾನಾ?" ಎಂದು ಬೈಯುತ್ತಲೇ ಇದ್ದರು. ಮತಗಟ್ಟೆಯಲ್ಲಿ ಅವರ ಹೆಸರು ಜೋರಾಗಿ ಕೂಗಿದಾಗ ಬೈಗುಳ ನಿಂತಿತು. ಅವರ ಹೆಸರನ್ನು ಸರ್ಕಾರದವರು ಕೂಗಿ ಕರೆದದ್ದು ಅದೇ ಮೊದಲಂತೆ, ಆಮೇಲೆ ಹೇಳಿದರು.

ಆ ಮೆಂಬರು ಸೋತರು, ನಲವತ್ತೊಂದು ಮತದಿಂದ. ನಾವು ಯಾರಿಗೆ ಹಾಕಿದೆವು ಎಂದು ಕೇಳಬೇಡಿ, ಅದು ಗುಟ್ಟು. ಹೊಸ ಮೆಂಬರು ಹತ್ತನೇ ದಿನಕ್ಕೆ ಓಣಿಗೆ ಬಂದರು. ಸುತ್ತಿಗೆ ಮುಟ್ಟಲಿಲ್ಲ, ಕೈಯಲ್ಲಿ ಒಂದು ಕಾಗದವಿತ್ತು, ಚರಂಡಿಯದ್ದಂತೆ. ಅತ್ತೆ ಅವರನ್ನು ಹೊಸ್ತಿಲ ಹೊರಗೇ ಕೂರಿಸಿ, "ಓದಪ್ಪ, ನಿಧಾನಕ್ಕೆ ಓದು" ಎಂದರು. ಪೂರ್ತಿ ಓದಿಸಿದರು. ಹೊಸಬರ ಮೇಲೂ ನನಗೆ ನಂಬಿಕೆಯಿಲ್ಲ. ಕೋರ್ಟಿನ ಕೇಸು ಇನ್ನೂ ಮುಗಿದಿಲ್ಲ. ನಾಳೆ ಏನು ಬರುತ್ತದೋ ಗೊತ್ತಿಲ್ಲ. ಆದರೆ ಬೆಳಿಗ್ಗೆ ಎಂಟಾದರೆ ನಮ್ಮ ಓಣಿಯಲ್ಲಿ ಸುತ್ತಿಗೆ ಏಳುತ್ತದೆ.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದುತ್ತಿರುವವರು ಕಡಿಮೆ ಜನ ಇರುವ ಓಣಿಯವರಾದರೆ ನನ್ನ ಮಾತು ಕೇಳಿ. ಅನುಮಾನ ಬಿಡಿ ಎಂದು ನಾನು ಹೇಳುವುದಿಲ್ಲ. ನಮ್ಮಂಥವರು ಅನುಮಾನ ಬಿಟ್ಟರೆ ಉಳಿಯುವುದು ಕಷ್ಟ. ಆದರೆ ಅದನ್ನು ಒಳಗಿಟ್ಟು ಚಿಲಕ ಹಾಕಬೇಡಿ, ಜೊತೆಗೆ ಕರೆದುಕೊಂಡು ಹೊರಗೆ ಹೋಗಿ. ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ಎಂದು ಇವತ್ತೇ ನೋಡಿ, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಪ್ರಯೋಜನವಿಲ್ಲ. ಓದದೆ ಸಹಿ ಹಾಕಬೇಡಿ, ರಸೀದಿ ಇಲ್ಲದೆ ಅರ್ಜಿ ಕೊಡಬೇಡಿ. ಮತ ಹಾಕಿ, ಹಾಕಿ ಮನೆಗೆ ಹೋಗಿ ಮಲಗಬೇಡಿ. ಸಭೆಯಲ್ಲಿ ಸೋತರೆ ಕಾನೂನಿನ ಬಾಗಿಲು ತಟ್ಟಿ.

ಇನ್ನು ನೀವು ಹೆಚ್ಚು ಜನ ಇರುವ ಬೀದಿಯವರಾದರೆ, ನಿಮಗೂ ಒಂದು ಮಾತಿದೆ. ಯಾರಾದರೂ ಬೀದಿದೀಪಕ್ಕೆ ಎಂದು ಕಾಗದ ಹಿಡಿದು ಬಂದರೆ, ದಯವಿಟ್ಟು ಕೆಳಗಿನ ಸಾಲಿನವರೆಗೂ ಓದಿ. ಅದರಲ್ಲಿ ನಮ್ಮ ಮನೆ ಇರಬಹುದು.